ನೂರ ಹದಿನೈದನೇ ಮನೆ

ಹಾರುವ ತಟ್ಟೆಯನ್ನು ಹೊಡೆದು ಉರುಳಿಸಬೇಕೋ, ಅದು ತಾನಾಗಿ ನೆಲಕ್ಕಿಳಿಯುವವರೆಗೆ ಬೆನ್ನುಹತ್ತಿ ಕಾಯಬೇಕೋ? ತೊಂಬತ್ತರ ದಶಕದ ಕೊನೆಯಲ್ಲಿ ಗೆಳೆಯನ ಮನೆಯ ಕಂಪ್ಯೂಟರ್ ಮುಂದೆ ಕೂತು ಇದೊಂದೇ ಪ್ರಶ್ನೆಗೆ ನಾವು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇವೆ. ಆಟದ ಹೆಸರು ‘ಯುಎಫ್‌ಒ: ಎನಿಮಿ ಅನ್‌ನೋನ್’. ಎಕ್ಸ್-ಕಾಮ್ ಎಂದರೆ ಹೆಚ್ಚು ಜನಕ್ಕೆ ಗೊತ್ತಾದೀತು. ಇಂಗ್ಲೆಂಡಿನ ಜೂಲಿಯನ್ ಗೊಲಪ್ ಮತ್ತು ನಿಕ್ ಗೊಲಪ್ ಎಂಬ ಅಣ್ಣತಮ್ಮಂದಿರು ರೂಪಿಸಿದ ಈ ಆಟವನ್ನು ಮೈಕ್ರೋಪ್ರೋಸ್ ಕಂಪನಿ 1994ರಲ್ಲಿ ಮಾರುಕಟ್ಟೆಗೆ ತಂದಿತು. ಕತೆ ನಡೆಯುವುದು 1999ರಲ್ಲಿ. ಅನ್ಯಲೋಕದವರು ಭೂಮಿಗೆ ಲಗ್ಗೆ ಇಟ್ಟಿದ್ದಾರೆ. ಅವರನ್ನು ಎದುರಿಸಲು 16 ದೇಶಗಳು ಸೇರಿ ಒಂದು ಗುಪ್ತ ಪಡೆಗೆ ತಿಂಗಳು ತಿಂಗಳೂ ದುಡ್ಡು ಕೊಡುತ್ತವೆ. ಆ ಹದಿನಾರರಲ್ಲಿ ಭಾರತವೂ ಒಂದು. ಪಡೆಯ ದಂಡನಾಯಕ, ಆಟವಾಡುತ್ತಿರುವ ನೀವು.

ಹೊಡೆಯಬೇಕೋ ಕಾಯಬೇಕೋ ಎಂಬ ಗೊಂದಲದ ಮೂಲ ತಟ್ಟೆಯ ಎಂಜಿನ್ನಿನಲ್ಲಿದೆ. ಅದರೊಳಗೆ ಇರುವುದು ಎಲೀರಿಯಂ-115 ಎಂಬ ಧಾತು. ಒಂದೊಂದು ಎಂಜಿನ್ನಿಗೆ 50 ಯೂನಿಟ್. ನಿಮ್ಮ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ ವರದಿ ಕೊಡುತ್ತಾರೆ: ಇದಕ್ಕೆ ಕೆಲವು ಬಗೆಯ ಕಣಗಳನ್ನು ಬಡಿದರೆ ಪ್ರತಿದ್ರವ್ಯ ಹುಟ್ಟುತ್ತದೆ, ಅದರಿಂದ ಗುರುತ್ವದ ಅಲೆಗಳು ಏಳುತ್ತವೆ; ನಮ್ಮ ಸೌರಮಂಡಲದಲ್ಲಿ ಇದು ಸಿಗುವುದಿಲ್ಲ, ಪ್ರಯೋಗಾಲಯದಲ್ಲಿ ತಯಾರಿಸಲೂ ಬರುವುದಿಲ್ಲ. ಹಾಗಾಗಿ ಬೇಕೆಂದರೆ ಶತ್ರುವಿನಿಂದ ಕಿತ್ತುಕೊಳ್ಳುವುದೊಂದೇ ದಾರಿ. ತಟ್ಟೆಯನ್ನು ಹೊಡೆದುರುಳಿಸಿದರೆ ಎಂಜಿನ್ ಸಿಡಿದು ಎಲೀರಿಯಂ ಬೂದಿಯಾಗುವ ಸಂಭವವೇ ಹೆಚ್ಚು. ಇಳಿಯುವ ತನಕ ಕಾದರೆ ಎಂಜಿನ್ ಇಡಿಯಾಗಿ ಸಿಗುತ್ತದೆ, ಒಳಗಿರುವ ಶತ್ರುಗಳೂ ಇಡಿಯಾಗಿ ಸಿಗುತ್ತಾರೆ. ಪ್ಲಾಸ್ಮಾ ಬಂದೂಕಿನ ಗುಂಡಿನಿಂದ ಹಿಡಿದು ಕೊನೆಗೆ ಮಂಗಳ ಗ್ರಹಕ್ಕೆ ಹಾರುವ ನೌಕೆಯವರೆಗೆ ಎಲ್ಲಕ್ಕೂ ಎಲೀರಿಯಂ ಬೇಕು. ದುಡ್ಡಿದ್ದೂ ಅದಿಲ್ಲದೆ ಸೋತವರು ಬಹಳ ಜನ.

ಕಾಲ್ಪನಿಕ ಧಾತುಗಳು ಬೇಕಾದಷ್ಟಿವೆ. ಮಾರ್ವೆಲ್ ಕತೆಗಳ ವೈಬ್ರೇನಿಯಂ ಇದೆ, ‘ಅವತಾರ್’ ಚಿತ್ರದ ಅನ್‌ಅಬ್ಟೇನಿಯಂ ಇದೆ. ನಮ್ಮಲ್ಲಿ ಬಹು ಹಿಂದಿನಿಂದ ಕಬ್ಬಿಣವನ್ನು ಚಿನ್ನ ಮಾಡುವ ಪರುಷಮಣಿಯೇ ಇದೆ. ಆದರೆ ಪರುಷಕ್ಕೆ ವಿಳಾಸವಿಲ್ಲ. ಎಲೀರಿಯಂ ತನ್ನ ಹೆಸರಿಗೆ 115 ಎಂಬ ಮನೆ ನಂಬರನ್ನೇ ಅಂಟಿಸಿಕೊಂಡು ಬಂತು. ಹಾಗೆ ನಂಬರು ಕೊಟ್ಟವರ ಮನೆಗೆ ಹೋಗಿ ಬಾಗಿಲು ತಟ್ಟಿ ನೋಡಬಹುದು. ವಿಜ್ಞಾನ ಕೊನೆಗೆ ತಟ್ಟಿಯೂ ನೋಡಿತು.

ಆ ನಂಬರಿನ ಅರ್ಥವಿಷ್ಟೆ. ಯಾವುದೇ ಪರಮಾಣುವಿನ ನಡುವೆ ಬೀಜಕೇಂದ್ರವಿದೆ, ಅದರಲ್ಲಿ ಪ್ರೋಟಾನ್‌ಗಳಿವೆ. ಪ್ರೋಟಾನ್ ಎಷ್ಟು ಎಂಬುದರ ಮೇಲೆ ಅದು ಯಾವ ಧಾತು ಎಂಬುದು ನಿರ್ಧಾರವಾಗುತ್ತದೆ. ಒಂದಿದ್ದರೆ ಜಲಜನಕ, ಎಂಟಿದ್ದರೆ ಆಮ್ಲಜನಕ, 79 ಇದ್ದರೆ ಚಿನ್ನ, 92 ಇದ್ದರೆ ಯುರೇನಿಯಂ. ಶಾಲೆಯ ಗೋಡೆಯ ಮೇಲೆ ತೂಗುವ ಆವರ್ತ ಕೋಷ್ಟಕ ಈ ಲೆಕ್ಕದ ಚೌಕಾಬಾರದ ಪಟ. ಒಂದೊಂದು ಮನೆಗೆ ಒಂದೊಂದೇ ಕಾಯಿ.

ಈ ಪಟವನ್ನು 1869ರಲ್ಲಿ ಹಾಸಿದ ರಷ್ಯಾದ ದ್ಮಿತ್ರಿ ಮೆಂಡಲೀವ್‌ನ ಜಾಣತನವಿದ್ದದ್ದು ಅವನು ತುಂಬಿದ ಮನೆಗಳಲ್ಲಲ್ಲ, ಖಾಲಿ ಬಿಟ್ಟ ಮನೆಗಳಲ್ಲಿ. ಅಲ್ಯೂಮಿನಿಯಂ ಕೆಳಗೊಂದು ಮನೆ ಖಾಲಿ ಬಿಟ್ಟು, ಅಲ್ಲಿ ಬರಬೇಕಾದ ಧಾತುವಿಗೆ ‘ಏಕ-ಅಲ್ಯೂಮಿನಿಯಂ’ ಎಂದು ಹೆಸರಿಟ್ಟ. ಈ ‘ಏಕ’ ನಮ್ಮ ಸಂಸ್ಕೃತದ ಏಕವೇ. ಗೊತ್ತಿರುವ ಧಾತುವಿನಿಂದ ಒಂದು ಮನೆ ಕೆಳಗಿದ್ದರೆ ಏಕ, ಎರಡು ಮನೆ ಕೆಳಗಿದ್ದರೆ ದ್ವಿ. ಹೆಸರಿಟ್ಟು ಸುಮ್ಮನಾಗದೆ, ಬರುವವನ ಗುಣಲಕ್ಷಣವನ್ನೂ ಬರೆದಿಟ್ಟ: ಸಾಂದ್ರತೆ ನೀರಿನ 5.9 ಪಟ್ಟು ಇರುತ್ತದೆ ಎಂದ. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೊದ್ರಾನ್ ಆ ಧಾತುವನ್ನು ಪತ್ತೆ ಹಚ್ಚಿದ. ಅದೇ ಗ್ಯಾಲಿಯಂ, ಅಂಗೈಯಲ್ಲಿಟ್ಟರೆ ಮೈ ಬಿಸಿಗೇ ಕರಗುವ ಲೋಹ. ಅವನು ಅಳೆದಾಗ ಸಾಂದ್ರತೆ 4.7 ಬಂತು. ಇನ್ನೊಮ್ಮೆ ಶುದ್ಧಿ ಮಾಡಿ ಅಳೆಯಬೇಕೆಂದು ಮೆಂಡಲೀವ್ ದೂರದಿಂದಲೇ ಪಟ್ಟು ಹಿಡಿದ. ಶುದ್ಧಿ ಮಾಡಿ ಅಳೆದರೆ 5.9! ಕಂಡವನಿಗಿಂತ ಕಾಣದವನ ಲೆಕ್ಕವೇ ಸರಿಯಿತ್ತು. ಭವಿಷ್ಯ ಹೇಳುವುದೆಂದರೆ ಇದು. ತಪ್ಪಾದರೆ ಎಲ್ಲರಿಗೂ ಗೊತ್ತಾಗಬೇಕು, ಅಷ್ಟು ಖಚಿತವಾಗಿ ಹೇಳಬೇಕು.

ಇದೇ ಪದ್ಧತಿಯಲ್ಲಿ 115ನೇ ಮನೆಗೂ ಬಹುಕಾಲ ‘ಏಕ-ಬಿಸ್ಮತ್’ ಎಂಬ ಹೆಸರಿತ್ತು. ಬಿಸ್ಮತ್ 83ನೆಯದು. ಅದರ ಸಂಯುಕ್ತಗಳು ಹೊಟ್ಟೆ ಹುಣ್ಣಿನ ಮಾತ್ರೆಗಳಲ್ಲಿ ಬಳಕೆಯಾಗುತ್ತವೆ. ಅದರ ನೇರ ಕೆಳಗಿನ ಮನೆ 115. ಆ ಖಾಲಿ ಮನೆಗೆ ಮೊದಲು ಬಂದ ಗಿರಾಕಿ ವಿಜ್ಞಾನಿಯೂ ಅಲ್ಲ, ಕತೆಗಾರನೂ ಅಲ್ಲ. ಮೊದಲು ಬಂದದ್ದು ವದಂತಿ.

1989ರಲ್ಲಿ ಅಮೆರಿಕದ ಲಾಸ್ ವೇಗಸ್‌ನ ಕೆಎಲ್‌ಎಎಸ್ ಟೀವಿಯಲ್ಲಿ ವರದಿಗಾರ ಜಾರ್ಜ್ ನ್ಯಾಪ್ ಎದುರು ಬಾಬ್ ಲಜಾರ್ ಎಂಬಾತ ಕೂತು ಮಾತನಾಡಿದ. ನೆವಾಡಾ ಮರುಭೂಮಿಯ ಏರಿಯಾ 51 ಹತ್ತಿರದ ಗುಪ್ತ ನೆಲೆಯಲ್ಲಿ ತಾನು ಕೆಲಸ ಮಾಡಿದ್ದಾಗಿಯೂ, ಅಲ್ಲಿ ಅನ್ಯಲೋಕದ ನೌಕೆಗಳನ್ನು ಬಿಚ್ಚಿ ನೋಡುತ್ತಿದ್ದುದಾಗಿಯೂ ಹೇಳಿದ. ಅವಕ್ಕೆ ಇಂಧನ 115ನೇ ಧಾತು. ಅದಕ್ಕೆ ಪ್ರೋಟಾನ್ ಬಡಿದರೆ ಅದು 116 ಆಗಿ, ಆ 116 ಒಡೆಯುವಾಗ ಪ್ರತಿದ್ರವ್ಯ ಹೊಮ್ಮುತ್ತದೆ ಎಂಬುದು ಅವನ ವಿವರಣೆ. ತಾನು ಓದಿದ್ದೇನೆಂದು ಹೇಳಿಕೊಂಡ ವಿಶ್ವವಿದ್ಯಾಲಯಗಳಲ್ಲಿ ಅವನ ಹೆಸರಿನ ದಾಖಲೆ ಸಿಗಲಿಲ್ಲ. ಇಂಧನದ ಚೂರನ್ನೂ ಯಾರೂ ನೋಡಲಿಲ್ಲ. ಆದರೂ ಮಾತು ಹಬ್ಬಿತು. ಐದು ವರ್ಷದ ಮೇಲೆ ಬಂದ ಎಲೀರಿಯಂ ವರದಿಯನ್ನು ಅದರ ಪಕ್ಕ ಇಟ್ಟು ನೋಡಿ: ನಂಬರು ಅದೇ, ಬಡಿತ ಅದೇ, ಪ್ರತಿದ್ರವ್ಯವೂ ಅದೇ. ವ್ಯತ್ಯಾಸವೊಂದೇ. ಆಟ ತನ್ನನ್ನು ಆಟವೆಂದು ಹೇಳಿಕೊಂಡಿತು, ನಂಬಿ ಎಂದು ಯಾರನ್ನೂ ಕೇಳಲಿಲ್ಲ. ಕತೆ ಕಟ್ಟುವವನಿಗೆ ಇರುವ ಪ್ರಾಮಾಣಿಕತೆ ಅದು.

ಆ ಮನೆಗೆ ಮೂರನೆಯವರಾಗಿ ಬಂದವರು ರಷ್ಯಾದ ಡುಬ್ನಾ ಊರಿನ ಭೌತವಿಜ್ಞಾನಿಗಳು. ಮಾಸ್ಕೋದ ಉತ್ತರಕ್ಕೆ, ವೋಲ್ಗಾ ನದಿಯ ದಂಡೆಯಲ್ಲಿರುವ ಊರು ಅದು. ಯೂರಿ ಒಗನೇಸಿಯನ್ ಮುಂದಾಳತ್ವದ ತಂಡಕ್ಕೆ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯವೂ ಜತೆಯಾಗಿತ್ತು. ಅವರ ಪಾಕ ಕೇಳಲು ಬಹಳ ಸರಳ. ಇಪ್ಪತ್ತು ಪ್ರೋಟಾನ್‌ಗಳ ಕ್ಯಾಲ್ಸಿಯಂ, ತೊಂಬತ್ತೈದು ಪ್ರೋಟಾನ್‌ಗಳ ಅಮೆರಿಸಿಯಂ. ಎರಡನ್ನೂ ಬೆಸೆದರೆ 115. ಕ್ಯಾಲ್ಸಿಯಂ ನಾವು ಎಲೆಗೆ ಸವರುವ ಸುಣ್ಣದಲ್ಲೇ ಇದೆ. ಅಮೆರಿಸಿಯಂನ ಸೋದರ ಐಸೋಟೋಪೊಂದು (ಪ್ರೋಟಾನ್ ಅಷ್ಟೇ, ಜತೆಗಿರುವ ನ್ಯೂಟ್ರಾನ್‌ಗಳ ಲೆಕ್ಕ ಬೇರೆ) ಹೊಗೆ ಪತ್ತೆ ಮಾಡುವ ಪುಟ್ಟ ಯಂತ್ರಗಳಲ್ಲಿ ಕೂತಿರುತ್ತದೆ. ಆದರೆ ಇಲ್ಲಿ ಬೇಕಾದದ್ದು ಕ್ಯಾಲ್ಸಿಯಂ-48 ಎಂಬ, ನ್ಯೂಟ್ರಾನ್ ಹೆಚ್ಚಿರುವ ಅಪರೂಪದ ಬಗೆ. ಸುಣ್ಣದ ಸಾವಿರ ಕ್ಯಾಲ್ಸಿಯಂ ಪರಮಾಣುಗಳನ್ನು ಆರಿಸಿದರೆ ಅಂಥದ್ದು ಎರಡು ಸಿಕ್ಕೀತು. ಅದನ್ನು ಬೇರ್ಪಡಿಸಿ, ಬೆಳಕಿನ ವೇಗದ ಹತ್ತನೇ ಒಂದು ಭಾಗದಷ್ಟು ವೇಗಕ್ಕೆ ತಂದು, ಅಮೆರಿಸಿಯಂ ಲೇಪಿಸಿದ ತೆಳು ಹಾಳೆಗೆ ಬಡಿಯಬೇಕು. ವೇಗ ಕಡಿಮೆಯಾದರೆ ಎರಡು ಬೀಜಕೇಂದ್ರಗಳು ಒಂದನ್ನೊಂದು ತಳ್ಳಿ ದೂರ ಹೋಗುತ್ತವೆ. ಹೆಚ್ಚಾದರೆ ಬೆಸೆದದ್ದು ಅಲ್ಲೇ ಚೂರಾಗುತ್ತದೆ.

2003ರ ಜುಲೈ-ಆಗಸ್ಟ್‌ನಲ್ಲಿ ಸುಮಾರು ಒಂದು ತಿಂಗಳು ಹೀಗೆ ಹಗಲು ರಾತ್ರಿ ಬಡಿದರು. ಕೋಟಿ ಕೋಟಿ ಕಣಗಳ ಮಳೆಯಲ್ಲಿ ದಕ್ಕಿದ್ದು ನಾಲ್ಕೇ ನಾಲ್ಕು ಪರಮಾಣು.

ನಾಲ್ಕು ಪರಮಾಣುಗಳನ್ನು ಗುರುತಿಸಿದ್ದಾದರೂ ಹೇಗೆ? ಅವು ಸಾಯುವ ರೀತಿಯಿಂದ. ಹುಟ್ಟಿದ 115ನೇ ಪರಮಾಣು ಹಾರಿ ಬಂದು ಸಿಲಿಕಾನ್ ಪಟ್ಟಿಯೊಂದರಲ್ಲಿ ನಾಟಿಕೊಳ್ಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದರಿಂದ ಒಂದು ಆಲ್ಫಾ ಕಣ ಚಿಮ್ಮುತ್ತದೆ. ಆಲ್ಫಾ ಹೋದರೆ ಎರಡು ಪ್ರೋಟಾನ್ ಹೋದಂತೆ. 115 ಇದ್ದದ್ದು 113 ಆಯಿತು. ಅದೂ ನಿಲ್ಲದೆ 111, ಆಮೇಲೆ 109, 107, ಕೊನೆಗೆ 105. ಐದು ತಲೆಮಾರು ಸರಸರನೆ ಉರುಳಿ, ಐದನೆಯದಕ್ಕೆ ಬಂದಾಗ ಒಂದು ದಿನದಷ್ಟು ಕಾಲ ನೆಮ್ಮದಿ. ಆಮೇಲೆ ಅದು ಎರಡು ಹೋಳಾಗುತ್ತದೆ. ಪಟ್ಟಿಯ ಒಂದೇ ಜಾಗದಲ್ಲಿ, ಇದೇ ಕ್ರಮದಲ್ಲಿ ಐದು ಮಿಡಿತ ದಾಖಲಾದರೆ ಅಲ್ಲೊಬ್ಬ ಮೂಲಪುರುಷ ಇದ್ದನೆಂದು ಲೆಕ್ಕ. ಮರಿಮಕ್ಕಳ ಮುಖ ನೋಡಿ ಅಜ್ಜನನ್ನು ಗುರುತಿಸಿದ ಹಾಗೆ. ಆ ಕೊನೆಯ 105ನೇ ಧಾತುವಿನ ಹೆಸರು ಡಬ್ನಿಯಂ. ಡುಬ್ನಾ ಊರಿನ ಹೆಸರೇ ಅದಕ್ಕಿತ್ತು. ಅಂದರೆ ಅಲ್ಲಿ ಹುಟ್ಟಿದ ಪರಮಾಣು ಐದು ಮೆಟ್ಟಿಲಿಳಿದು ತವರಿನ ಹೆಸರಿಗೇ ಬಂದು ಸೇರಿತು.

ಇಷ್ಟಕ್ಕೇ ಜಗತ್ತು ಒಪ್ಪಲಿಲ್ಲ. ಹತ್ತು ವರ್ಷದ ಮೇಲೆ, 2013ರಲ್ಲಿ, ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ನೇತೃತ್ವದ ತಂಡ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಅದೇ ಪ್ರಯೋಗ ಮಾಡಿ ಹೌದೆಂದಿತು. 2015ರ ಡಿಸೆಂಬರ್ ಕೊನೆಗೆ ಅಂತರರಾಷ್ಟ್ರೀಯ ರಸಾಯನ ವಿಜ್ಞಾನ ಒಕ್ಕೂಟ ಮುದ್ರೆ ಒತ್ತಿತು. 2016ರ ನವೆಂಬರ್‌ನಲ್ಲಿ ಮಾಸ್ಕೋ ಪ್ರಾಂತ್ಯದ ನೆನಪಿಗೆ ಮಾಸ್ಕೋವಿಯಂ ಎಂಬ ಹೆಸರು ಗಟ್ಟಿಯಾಯಿತು. ಅದೇ ದಿನ 118ನೇ ಧಾತುವಿಗೆ ಒಗನೆಸನ್ ಎಂಬ ಹೆಸರು ಬಂತು. ಬದುಕಿರುವಾಗಲೇ ತನ್ನ ಹೆಸರಿನ ಧಾತುವನ್ನು ಕಂಡವರಲ್ಲಿ ಒಗನೇಸಿಯನ್ ಎರಡನೆಯವರು. ಮೊದಲನೆಯವರು ಅಮೆರಿಕದ ಗ್ಲೆನ್ ಸೀಬೋರ್ಗ್.

ನಮಗೆ ತಿಳಿದಿರುವ ಮಾಸ್ಕೋವಿಯಂ ಬಗೆಗಳಲ್ಲಿ ದೀರ್ಘಾಯುಷಿ ಎಂದರೆ ಪ್ರೋಟಾನ್ ನ್ಯೂಟ್ರಾನ್ ಸೇರಿ 290 ತೂಕದ್ದು. ಅದರ ಅರ್ಧಾಯುಷ್ಯ, ಅಂದರೆ ಇರುವುದರಲ್ಲಿ ಅರ್ಧ ಒಡೆದುಹೋಗಲು ಹಿಡಿಯುವ ಕಾಲ, ಒಂದು ಸೆಕೆಂಡಿಗೂ ಕಡಿಮೆ, ಸುಮಾರು 0.65 ಸೆಕೆಂಡ್. ಆಟದ ಗೋದಾಮಿನಲ್ಲಿ ತಿಂಗಳುಗಟ್ಟಲೆ ಪೇರಿಸಿಡುತ್ತಿದ್ದ ಎಲೀರಿಯಂ ಇದೇ ಮನೆಯದು! ತಿಂಗಳಿಗೆ ನಾಲ್ಕು ಪರಮಾಣುಗಳ ಲೆಕ್ಕದಲ್ಲಿ ಒಂದು ಗ್ರಾಂ ಕೂಡಿಡಲು ಹೊರಟರೆ, ಒಂದೂ ಒಡೆಯದೆ ಉಳಿಯಿತೆಂದೇ ಇಟ್ಟುಕೊಂಡರೂ, ಈ ವಿಶ್ವದ ವಯಸ್ಸಿನ ಮುನ್ನೂರು ಕೋಟಿ ಪಟ್ಟು ಕಾಲ ಬೇಕು. ಇದೇ ಸಾಲಿನ ಮೇಲಿನ ಮನೆಯಲ್ಲಿರುವ ಬಿಸ್ಮತ್ ಕೂಡ ಶಾಶ್ವತವಲ್ಲ, ಬಹಳ ಬಹಳ ನಿಧಾನಕ್ಕೆ ಕರಗುತ್ತಿದೆ ಎಂದು ಫ್ರಾನ್ಸಿನ ವಿಜ್ಞಾನಿಗಳು ಕಂಡುಕೊಂಡದ್ದೂ ಅದೇ 2003ರಲ್ಲಿ. ಅದರ ಅರ್ಧಾಯುಷ್ಯ ವಿಶ್ವದ ವಯಸ್ಸಿನ ನೂರು ಕೋಟಿ ಪಟ್ಟಿಗೂ ಹೆಚ್ಚು. ಮೇಲಿನ ಮನೆಯಲ್ಲಿ ಅಷ್ಟು, ಕೆಳಗಿನ ಮನೆಯಲ್ಲಿ ಅರ್ಧ ಸೆಕೆಂಡ್ ಚಿಲ್ಲರೆ.

ಹಾಗಾದರೆ ಇಂಧನದ ಕನಸು ಪೂರಾ ಗಾಳಿಗೋಪುರವೇ? ಅಷ್ಟು ಬೇಗ ತೀರ್ಪು ಬೇಡ. ಬೀಜಕೇಂದ್ರದಲ್ಲಿ ಪ್ರೋಟಾನ್‌ಗಳೆಲ್ಲ ಒಂದನ್ನೊಂದು ತಳ್ಳುತ್ತಿರುತ್ತವೆ. ಅವನ್ನು ಹಿಡಿದಿಡುವ ಬಲ ಅಕ್ಕಪಕ್ಕದವರಿಗಷ್ಟೇ ಮುಟ್ಟುತ್ತದೆ. ಸಂಖ್ಯೆ ಏರಿದಂತೆ ತಳ್ಳಾಟ ಗೆಲ್ಲುತ್ತದೆ. ಆದರೆ ಪಂಕ್ತಿ ಊಟದಲ್ಲಿ ಸಾಲು ಪೂರ್ತಿ ಭರ್ತಿಯಾದಾಗ ಗಲಾಟೆ ಅಡಗುವಂತೆ, ಕೆಲವು ಸಂಖ್ಯೆಗಳಲ್ಲಿ ಕಣಗಳ ಸಾಲು ತುಂಬಿ ಬೀಜಕೇಂದ್ರ ಗಟ್ಟಿಯಾಗುತ್ತದೆ. 2, 8, 20, 28, 50, 82, 126 — ಇವನ್ನು ಮಾಂತ್ರಿಕ ಸಂಖ್ಯೆಗಳೆಂದೇ ಕರೆಯುತ್ತಾರೆ. ಇವುಗಳ ಗುಟ್ಟು ಬಿಡಿಸಿದ್ದಕ್ಕೆ ಮರಿಯಾ ಗೋಪರ್ಟ್ ಮೇಯರ್ ಮತ್ತು ಹಾನ್ಸ್ ಯೆನ್ಸನ್ 1963ರ ನೊಬೆಲ್ ಹಂಚಿಕೊಂಡರು. ಮುಂದಿನ ಭರ್ತಿ ಪಂಕ್ತಿ 184 ನ್ಯೂಟ್ರಾನ್‌ಗಳಲ್ಲಿದೆ ಎಂಬುದು ಲೆಕ್ಕಾಚಾರ. ಅಲ್ಲಿ, 114ನೇ ಧಾತುವಿನ ಆಸುಪಾಸಿನಲ್ಲಿ, ಅಸ್ಥಿರತೆಯ ಸಮುದ್ರದ ನಡುವೆ ಒಂದು ಸ್ಥಿರತೆಯ ದ್ವೀಪ ಇರಬೇಕೆಂದು ಅರುವತ್ತರ ದಶಕದಿಂದ ವಿಜ್ಞಾನಿಗಳು ನಂಬಿದ್ದಾರೆ. 290 ತೂಕದ ಮಾಸ್ಕೋವಿಯಂನಲ್ಲಿ ನ್ಯೂಟ್ರಾನ್ 175. ದ್ವೀಪಕ್ಕೆ ಇನ್ನೂ ಒಂಬತ್ತು ಬಾಕಿ. ಆ ಒಂಬತ್ತನ್ನು ತುಂಬಿಕೊಡುವಂಥ ಎರಡು ಧಾತುಗಳ ಜೋಡಿ ಇವತ್ತಿಗೂ ಕೈಗೆ ಸಿಕ್ಕಿಲ್ಲ. ಸಿಕ್ಕಿದರೂ ಅಲ್ಲಿನ ಆಯುಷ್ಯ ನಿಮಿಷವೋ, ದಿನವೋ, ಇನ್ನೂ ಹೆಚ್ಚೋ ಎಂಬುದರಲ್ಲಿ ಒಮ್ಮತವಿಲ್ಲ. ಎಲೀರಿಯಂನ ಮನೆ ನಂಬರೂ ಈ ದ್ವೀಪದ ದಿಕ್ಕಿನಲ್ಲೇ ಇದೆ. ಕಲ್ಪನೆಗೂ ಒಂದು ದಿಕ್ಸೂಚಿ ಇರುತ್ತದೆ.

2003ರ ಸುದ್ದಿ ಬಂದಾಗ ವದಂತಿಯ ಅಭಿಮಾನಿಗಳು ‘ನೋಡಿ, ಲಜಾರ್ ಹದಿನಾಲ್ಕು ವರ್ಷ ಮೊದಲೇ ಹೇಳಿದ್ದ’ ಎಂದು ಬೀಗಿದರು. 114ರ ಆಚೆ 115 ಇದೆ ಎನ್ನುವುದು ಸೋಮವಾರದ ದಿನ ‘ನಾಳೆ ಮಂಗಳವಾರ’ ಎಂದು ಭವಿಷ್ಯ ನುಡಿದಂತೆ. ಮೆಂಡಲೀವ್ 5.9 ಎಂದಿದ್ದ, 5.9 ಬಂತು. ಲಜಾರ್ ಹೇಳಿದ್ದು ಕೈಯಲ್ಲಿ ಹಿಡಿಯಬಹುದಾದ ಸ್ಥಿರ ಇಂಧನ, ಬಂದದ್ದು ಅರ್ಧ ಸೆಕೆಂಡಿನ ಮಿಡಿತ.

ಇನ್ನು ಉಳಿದದ್ದು ಪ್ರತಿದ್ರವ್ಯದ ಮಾತು. ಎಲೀರಿಯಂನ ಅಸಲಿ ಮಾಂತ್ರಿಕತೆ ಅದೇ ತಾನೆ? ಪ್ರತಿದ್ರವ್ಯವೆಂಬುದು ಸುಳ್ಳಲ್ಲ. ಎಲೆಕ್ಟ್ರಾನಿಗೆ ಪಾಸಿಟ್ರಾನ್ ಎಂಬ ಪ್ರತಿಕಣವಿದೆ. ಎರಡೂ ಭೇಟಿಯಾದರೆ ಎರಡೂ ಮಾಯ, ಉಳಿಯುವುದು ಶಕ್ತಿ ಮಾತ್ರ. ಅರ್ಧ ಗ್ರಾಂ ದ್ರವ್ಯ, ಅರ್ಧ ಗ್ರಾಂ ಪ್ರತಿದ್ರವ್ಯ ಸೇರಿ ಹೀಗೆ ಅಳಿದರೆ ಸುಮಾರು ಎರಡೂವರೆ ಕೋಟಿ ಯುನಿಟ್ ವಿದ್ಯುತ್ತಿನಷ್ಟು ಶಕ್ತಿ. ಪ್ರೋಟಾನ್ ಬಡಿದರೆ ಮುಂದಿನ ಮನೆಗೆ ಜಾರಿ, ಅಲ್ಲಿ ಒಡೆಯುವಾಗ ಪ್ರತಿದ್ರವ್ಯ ಉಗುಳುವ ಧಾತುವೊಂದು ನಿಜಕ್ಕೂ ಇದ್ದರೆ?

ಇದೆ. 115ನೇ ಮನೆಯಲ್ಲಿ ಅಲ್ಲ, ಎಂಟನೇ ಮನೆಯಲ್ಲಿ. ಆಮ್ಲಜನಕದಲ್ಲಿ.

ಆಮ್ಲಜನಕದ ಕೊಂಚ ಭಾರದ ಬಗೆ ಆಕ್ಸಿಜನ್-18. ಅದು ತುಂಬಿದ ನೀರಿಗೆ ಸೈಕ್ಲೋಟ್ರಾನ್ ಯಂತ್ರದಲ್ಲಿ ಪ್ರೋಟಾನ್ ಬಡಿದರೆ, ಪ್ರೋಟಾನ್ ಒಳಗೆ, ಒಂದು ನ್ಯೂಟ್ರಾನ್ ಹೊರಗೆ. ಎಂಟು ಒಂಬತ್ತಾಯಿತು, ಆಮ್ಲಜನಕ ಫ್ಲೋರಿನ್-18 ಆಯಿತು. ಅದು ಒಡೆಯುವಾಗ ಹೊರಡುವುದು ಪಾಸಿಟ್ರಾನ್, ಅಪ್ಪಟ ಪ್ರತಿದ್ರವ್ಯ. ಟೀವಿಯಲ್ಲಿ ಹೇಳಿದ ವಿವರಣೆಯಲ್ಲಿ 115 ಇದ್ದ ಕಡೆ 8, 116 ಇದ್ದ ಕಡೆ 9 ಹಾಕಿ ಓದಿ, ಸಾಲು ಹೆಚ್ಚುಕಡಿಮೆ ಸರಿಹೋಗುತ್ತದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ, ಉಸಿರಾಡುವ ಗಾಳಿಯಲ್ಲಿದ್ದುದನ್ನು ನೆವಾಡಾ ಮರುಭೂಮಿಯಲ್ಲಿ ಹುಡುಕಿದರು.

ಇದು ನೌಕೆಗೆ ಇಂಧನವಾಗದು. ಪ್ರೋಟಾನನ್ನು ಓಡಿಸಲು ಸೈಕ್ಲೋಟ್ರಾನ್ ನುಂಗುವ ಕರೆಂಟಿನ ಮುಂದೆ ಬರುವ ಶಕ್ತಿ ಏನೇನೂ ಅಲ್ಲ. ಬಳಕೆಯಾಗುವುದು ಆಸ್ಪತ್ರೆಯ ಪೆಟ್ ಸ್ಕ್ಯಾನ್‌ಗೆ. ಪೆಟ್ ಎಂಬ ಹೆಸರಿನ ‘ಪ’ಕಾರವೇ ಪಾಸಿಟ್ರಾನಿನದು. ಫ್ಲೋರಿನ್-18ನ್ನು ಗ್ಲೂಕೋಸಿನಂಥ ಸಕ್ಕರೆಗೆ ಅಂಟಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಸುಮಾರು ಒಂದು ಗಂಟೆ ಮಾತಿಲ್ಲದೆ ಮಲಗಿರಬೇಕು, ಮೈಯೆಲ್ಲ ಸಕ್ಕರೆ ಹರಡುವ ತನಕ. ಕ್ಯಾನ್ಸರ್ ಕೋಶಗಳಿಗೆ ಸಕ್ಕರೆಯ ಹಸಿವು ಜಾಸ್ತಿ, ಅವು ಹೆಚ್ಚು ಹೀರುತ್ತವೆ. ಅಲ್ಲಿ ಹುಟ್ಟುವ ಪಾಸಿಟ್ರಾನ್ ಮಿಲಿಮೀಟರಿನಷ್ಟು ದೂರ ಹೋಗುವಷ್ಟರಲ್ಲಿ ದೇಹದ ಎಲೆಕ್ಟ್ರಾನೊಂದಕ್ಕೆ ಡಿಕ್ಕಿಯಾಗಿ ಎರಡೂ ಅಳಿದು, ಎದುರುಬದುರು ದಿಕ್ಕಿಗೆ ಎರಡು ಗಾಮಾ ಕಿರಣಗಳು ಹಾರುತ್ತವೆ. ಸುತ್ತಲಿನ ಬಳೆಯಂಥ ಯಂತ್ರ ಅವೆರಡನ್ನೂ ಒಟ್ಟಿಗೆ ಹಿಡಿದು, ಗಡ್ಡೆ ಎಲ್ಲಿದೆ ಎಂದು ಚುಕ್ಕೆ ಇಡುತ್ತದೆ. ದ್ರವ್ಯ ಪ್ರತಿದ್ರವ್ಯಗಳ ಕಾಳಗ ಮನುಷ್ಯನ ಮೈಯೊಳಗೆ ದಿನಬೆಳಗಾದರೆ ನಡೆಯುತ್ತಿದೆ. ಬೆಂಗಳೂರಿನಲ್ಲೂ ನಡೆಯುತ್ತಿದೆ.

ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ಅದಕ್ಕೇ ಅದನ್ನು ಗೋದಾಮಿನಲ್ಲಿ ಪೇರಿಸಿಡುವ ಹಾಗಿಲ್ಲ. ಆಯಾ ದಿನದ್ದನ್ನು ಆಯಾ ದಿನವೇ ತಯಾರಿಸಿ, ಸೀಸದ ಡಬ್ಬಿಯಲ್ಲಿಟ್ಟು, ಸೈಕ್ಲೋಟ್ರಾನ್ ಇಲ್ಲದ ಆಸ್ಪತ್ರೆಗಳಿಗೆ ವಾಹನದಲ್ಲಿ ಮುಟ್ಟಿಸಬೇಕು. ಆಟದಲ್ಲಿ ತಾಳ್ಮೆಯಿಂದ ಕಾದವನಿಗೆ ಎಲೀರಿಯಂ ಇಡಿಯಾಗಿ ದಕ್ಕುತ್ತಿತ್ತು. ಇಲ್ಲಿ ಆ ವಾಹನ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಐವತ್ತು ನಿಮಿಷ ಸಿಕ್ಕಿಕೊಂಡರೆ ಡಬ್ಬಿಯೊಳಗಿನದು ಅರ್ಧ ಖಾಲಿ.